ನಾಲ್ಕು ಪಾಯಿಂಟ್ ಒಂದರ ಥೈರಾಯ್ಡ್

ನಮ್ಮ ಮನೆಯಲ್ಲಿ ರಕ್ತಪರೀಕ್ಷೆಯ ರಿಪೋರ್ಟ್ ಓದಲು ಬಾರದವರು ಯಾರೂ ಇಲ್ಲ. ವಿಧಾನ ಬಹಳ ಸುಲಭ. ದಪ್ಪ ಅಕ್ಷರದಲ್ಲಿ ಅಂಕಿ ಇದ್ದರೆ ಕಾಯಿಲೆ, ಸಣ್ಣ ಅಕ್ಷರದಲ್ಲಿದ್ದರೆ ಆರೋಗ್ಯ. ಇಷ್ಟನ್ನು ಕಲಿಯಲು ಡಾಕ್ಟರುಗಳು ಅಷ್ಟೊಂದು ವರ್ಷ ಯಾಕೆ ಓದುತ್ತಾರೆ ಎಂಬುದು ನನ್ನ ಗಂಡ ಸುಧೀರನಿಗೆ ಇವತ್ತಿಗೂ ಬಗೆಹರಿಯದ ಸಂಗತಿ.

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. ಸುಧೀರನಿಗೆ ಅದೇ ಪೇಟೆಯಲ್ಲಿ ಟೈಲ್ಸ್ ಅಂಗಡಿ. ಮಗಳು ಆದ್ಯ ಹುಟ್ಟಿದ ಮೇಲೆ ನನ್ನ ಥೈರಾಯ್ಡ್ ಗ್ರಂಥಿ ಸರಕಾರಿ ಕಚೇರಿಯ ವೇಗಕ್ಕೆ ಇಳಿಯಿತು. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ಮಾತ್ರೆ. ಗ್ರೀಕರು ಆ ಗ್ರಂಥಿಗೆ ಗುರಾಣಿಯ ಹೆಸರಿಟ್ಟಿದ್ದಾರಂತೆ. ಕುತ್ತಿಗೆಯಲ್ಲೇ ಗುರಾಣಿ ಇದ್ದರೂ ನೆಂಟರ ಮಾತಿನಿಂದ ಅದು ಯಾರನ್ನೂ ಕಾಪಾಡಿದ ದಾಖಲೆ ಇತಿಹಾಸದಲ್ಲಿ ನನಗೆ ಸಿಕ್ಕಿಲ್ಲ.

ಕಳೆದ ವರ್ಷ ಎರಡನೆಯ ಬಸಿರು ನಿಂತಿತು, ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಯಾಕೆಂದು ಹೇಳಲಾಗದು ಅಂದರು ಡಾಕ್ಟರು. ಪಾಪ, ಅವರಿಗೆ ಗೊತ್ತಿರಲಿಲ್ಲ. ನಮ್ಮ ನೆಂಟರಿಗೆ ಎಲ್ಲ ಗೊತ್ತಿತ್ತು. ಸ್ಕೂಟರ್ ಓಡಿಸಿದ್ದು, ಪಪ್ಪಾಯಿ ತಿಂದದ್ದು, ಪೊಳಲಿ ದೇವಿಗೆ ಹೇಳಿದ ಹರಕೆ ತಡ ಮಾಡಿದ್ದು. ಕಾರಣಗಳಿಗೆ ನಮ್ಮಲ್ಲಿ ಬರವಿಲ್ಲ. ಯಾವ ಕಾರಣ ಹಿಡಿದು ಹೊರಟರೂ ಅದರ ತುದಿಯಲ್ಲಿ ನಾನೇ ನಿಂತಿರುತ್ತಿದ್ದೆ.

ಹಾಗಾಗಿ ಮತ್ತೊಮ್ಮೆ ಮಗುವಿನ ಯೋಚನೆ ಮಾಡಿದಾಗ ಮೊದಲು ರಕ್ತ ಕೊಟ್ಟು ಬಂದೆ. ಥೈರಾಯ್ಡ್ ಅಳೆಯುವ ಟಿಎಸ್‌ಎಚ್ ನಾಲ್ಕು ಪಾಯಿಂಟ್ ಒಂದು. ಪಕ್ಕದಲ್ಲಿ ನಾಲ್ಕೂವರೆಯವರೆಗೆ ಸರಿ ಎಂದು ಬರೆದಿತ್ತು, ಅಕ್ಷರವೂ ಸಣ್ಣದು. ಸುಧೀರ ಚಹಾ ಮುಗಿಸುವ ಮೊದಲೇ ನನ್ನನ್ನು ಪಾಸು ಮಾಡಿದ.

ಆ ವಾರ ಬಂಟ್ವಾಳದಲ್ಲಿ ನೆಂಟರ ಹುಡುಗಿಯೊಬ್ಬಳ ಸೀಮಂತ. ನನ್ನ ಅತ್ತೆ ಅಲ್ಲೇ ಹಿರಿಯ ಮಗನೊಂದಿಗೆ ಇರುವವರು, ಮಾತು ಕಡಿಮೆ. ಆ ಕೊರತೆ ತುಂಬಲು ಬೆಳ್ತಂಗಡಿಯಿಂದ ಅವರ ತಂಗಿ ಸರೋಜ ಚಿಕ್ಕಮ್ಮ ಬಂದಿದ್ದರು. ನನ್ನ ರಿಪೋರ್ಟ್ ಸುಧೀರನ ಮೊಬೈಲಿನಿಂದ ಇಳಿದು, ಹೋಳಿಗೆಯ ಜೊತೆಗೆ ಪಂಕ್ತಿಯಲ್ಲಿ ಸಾಗಿತು. ಕೈತೊಳೆಯುವ ಹೊತ್ತಿಗೆ ಕ್ಯಾಬೇಜು ಬಿಡಬೇಕೆಂದೂ ಕೊತ್ತಂಬರಿ ನೀರು ಕುಡಿಯಬೇಕೆಂದೂ ತೀರ್ಮಾನವಾಗಿತ್ತು. ಚಿಕ್ಕಮ್ಮನದು ಅಂತಿಮ ತೀರ್ಪು. ನಂಬರು ನಾರ್ಮಲ್ ಬಂದ ಮೇಲೆ ಮಾತ್ರೆ ಯಾಕೆ? ಮಗು ಬೇಕಾದವಳು ಮೊದಲು ಮೈಯೊಳಗಿನ ಮದ್ದನ್ನೆಲ್ಲ ಹೊರಗೆ ಹಾಕಬೇಕು. ಮಾತ್ರೆಯಿಂದಾಗಿ ಬಂದ ನಾರ್ಮಲ್ ಮಾತ್ರೆ ಬಿಟ್ಟರೆ ಹೋಗುತ್ತದೆ ಎನ್ನಲು ಬಾಯಿ ತೆರೆದೆ. ಯಾರೋ ಅದಕ್ಕೆ ಬೀಡ ಇಟ್ಟರು.

ಮೂಡುಬಿದಿರೆಯ ಡಾಕ್ಟರಮ್ಮ ರಿಪೋರ್ಟ್ ನೋಡಿ ಸಾಲದು ಅಂದರು. ಪಾಸಾಗಿದ್ದೇನಲ್ಲ ಅಂದೆ.

“ಇದು ಎಲ್ಲರಿಗೂ ಸೇರಿಸಿ ಬರೆದ ಲೆಕ್ಕ. ನೀವು ಮಾತ್ರೆಯಲ್ಲಿರುವವರು, ಮಗು ಬೇಕು ಅಂತೀರಿ. ನಿಮಗೆ ಎರಡೂವರೆಯಿಂದ ಕೆಳಗೆ ಇರ್ಬೇಕು.”

ಥೈರಾಯ್ಡ್ ಕಡಿಮೆ ಅನ್ನುತ್ತೀರಿ, ನಂಬರು ಮಾತ್ರ ಹೆಚ್ಚು ಅನ್ನುತ್ತೀರಿ, ಇದೆಂಥ ನ್ಯಾಯ ಎಂದು ಕೇಳಿದೆ.

“ಬೆಳಿಗ್ಗೆ ಮಗಳನ್ನು ಎಬ್ಬಿಸ್ತೀರಲ್ಲ? ಎದ್ದರೆ ಮೆಲ್ಲ ಕರೀತೀರಿ, ಏಳದಿದ್ದರೆ ಬೊಬ್ಬೆ ಹಾಕ್ತೀರಿ. ಟಿಎಸ್‌ಎಚ್ ಅಂದ್ರೆ ಆ ಬೊಬ್ಬೆ. ಮೆದುಳು ಹಾಕುದು, ಥೈರಾಯ್ಡಿಗೆ.”

ಮಾತ್ರೆಯ ಪ್ರಮಾಣ ಒಂದು ಮೆಟ್ಟಿಲು ಏರಿತು. ಬರಿಹೊಟ್ಟೆಯಲ್ಲಿ ನುಂಗಬೇಕು, ಆಮೇಲೆ ಒಂದು ಗಂಟೆ ಏನೂ ಕೂಡದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಇದರ ಹತ್ತಿರವೂ ಬಿಡಬಾರದು, ನಾಲ್ಕು ಗಂಟೆ ದೂರ ಇಡಬೇಕು. ಮದುವೆ ಮನೆಯಲ್ಲಿ ಮಾತು ಬಿಟ್ಟ ದಾಯಾದಿಗಳನ್ನು ಕೂರಿಸುವಷ್ಟೇ ಸೂಕ್ಷ್ಮದ ಕೆಲಸ. ಎರಡು ತಿಂಗಳಲ್ಲಿ ಟಿಎಸ್‌ಎಚ್ ಎರಡರ ಒಳಗೆ ಬಂತು. ಮಳೆಗಾಲ ಮುಗಿಯುವಾಗ ನಾನು ಬಸುರಿ.

ಸಂತೋಷದ ಸುದ್ದಿ ಹೇಳಿದ ಮರುದಿನವೇ ಅತ್ತೆ ಬಂಟ್ವಾಳದಿಂದ ಬಂದಿಳಿದರು. ಚಿಕ್ಕಮ್ಮನ ಉಪದೇಶ ಫೋನಿನಲ್ಲಿ ಮೊದಲೇ ಬಂದು ತಲುಪಿತ್ತು. ಬಸುರಿ ಮಾತ್ರೆ ತಿನ್ನಕೂಡದು. ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ನನ್ನ ಮಾತ್ರೆಯ ಸ್ಟ್ರಿಪ್ ಇಟ್ಟಲ್ಲಿ ಇಲ್ಲ. ಅತ್ತೆಯ ಚೀಲದಿಂದ ಅದರ ಮೂಲೆ ಇಣುಕುತ್ತಿತ್ತು. ಹೋದ ಸಲದ ಆ ಸ್ಕ್ಯಾನಿಂಗ್ ಕೋಣೆ, ಪರದೆಯನ್ನು ಮೆಲ್ಲನೆ ಆಚೆ ತಿರುಗಿಸಿದ ಕೈ, ಅಷ್ಟೇ ಕಣ್ಣಮುಂದೆ ಬಂತು. ಕೊನೆಗೆ ಇಷ್ಟೇ ಹೇಳಿದೆ: “ಮಾಮಿ, ಇವತ್ತು ಡಾಕ್ಟರ ಹತ್ರ ಹೋಗುವ. ಅವರು ಬೇಡ ಅಂದ್ರೆ ನಾನು ಬಿಡ್ತೇನೆ.”

ಅತ್ತೆ ಸೀರೆ ಬದಲಿಸಿ ಹೊರಟರು. ಕ್ಲಿನಿಕ್ಕಿನಲ್ಲಿ ಚೀಲ ಮಡಿಲಲ್ಲಿಟ್ಟು ನೆಟ್ಟಗೆ ಕೂತರು. ಡಾಕ್ಟರಮ್ಮ ವಿಷಯ ಕೇಳಿ ಸಿಟ್ಟಾಗಲಿಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿಗೆ ಸ್ವಂತ ಥೈರಾಯ್ಡ್ ಇರುವುದಿಲ್ಲ, ಅದರ ಮೆದುಳು ಬೆಳೆಯುವುದು ತಾಯಿಯದರಿಂದ, ಈಗ ಬಿಡುವುದಲ್ಲ, ಇನ್ನೂ ಹೆಚ್ಚು ಬೇಕು, ತಿಂಗಳಿಗೊಮ್ಮೆ ಪರೀಕ್ಷೆಯೂ ಬೇಕು ಎಂದು ನಿಧಾನವಾಗಿ ಹೇಳಿದರು. ಅತ್ತೆ ಮಾತ್ರೆಯ ಸ್ಟ್ರಿಪ್ಪನ್ನು ತೆಗೆದು ಮೇಜಿನ ಮೇಲಿಟ್ಟರು. ಎದ್ದು ಹೊರಡಬೇಕು ಅನ್ನುವಾಗ ಅವರು ಏಳಲಿಲ್ಲ.

“ನನಗೆ ದೊಡ್ಡವನ ನಂತರ, ಇವಳ ಗಂಡನ ಮೊದಲು, ಎರಡು ಹೋಗಿದೆ ಡಾಕ್ಟ್ರೇ. ಬಾವಿಯಿಂದ ನೀರು ಸೇದಿದ್ದಕ್ಕೆ ಅಂತ ನನ್ನ ಅತ್ತೆ ಹೇಳ್ತಿದ್ದರು. ಇದೇ ಕಾಯಿಲೆ ಇದ್ದಿರಬಹುದಾ?”

ಇಷ್ಟು ವರ್ಷ ಆ ಮನೆಯ ಸೊಸೆಯಾಗಿದ್ದೇನೆ, ಆ ಎರಡರ ವಿಷಯ ನನಗೆ ಗೊತ್ತಿರಲಿಲ್ಲ. ಸುಧೀರನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಇತಿಹಾಸದ ಉಪನ್ಯಾಸಕಿ, ಮೂಡುಬಿದಿರೆಯನ್ನಾಳಿದ ಚೌಟ ಅರಸರ ವಂಶಾವಳಿ ಕಂಠಪಾಠ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಆಗ ಪರೀಕ್ಷೆ ಮಾಡಿಲ್ಲ ಅಮ್ಮ, ಈಗ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ನೀರು ಸೇದಿದ್ದರಿಂದ ಅಲ್ಲ. ಅಷ್ಟು ನನಗೆ ಗೊತ್ತುಂಟು.”

ಅತ್ತೆ ತಲೆಯಾಡಿಸಿದರು, ಚೀಲದ ಜಿಪ್ಪು ಎಳೆದರು. ಮನೆಗೆ ಬರುವ ದಾರಿಯುದ್ದಕ್ಕೂ ರಿಕ್ಷಾದ ಹೊರಗೆ ನೋಡುತ್ತಾ ಕೂತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಮರುದಿನದಿಂದ ಅತ್ತೆಯ ರೂಪದಲ್ಲಿ ಮನೆಗೆ ಪೊಲೀಸು ಬಂದರು. ಬೆಳಕು ಹರಿಯುವ ಮುಂಚೆ ನೀರಿನ ಲೋಟ, ಮಾತ್ರೆ. ನಾನು ನುಂಗಿದೆನೇ ಎಂದು ಬಾಯಿ ತೆರೆಸಿ ನೋಡುವುದೊಂದು ಬಾಕಿ. ನಡುವೆ ಒಮ್ಮೆ ತಮ್ಮ ರಕ್ತವನ್ನೂ ಕೊಟ್ಟು ಬಂದರು. ಅವರ ನಂಬರಿಗೆ ದಪ್ಪ ಅಕ್ಷರವೇ ಸಿಕ್ಕಿತು. ನನ್ನ ಸಣ್ಣ ಅಕ್ಷರದ ಕಾಯಿಲೆಯ ಮುಂದೆ ಅವರದು ಗೌರವಸ್ಥ ಕಾಯಿಲೆ ಎಂದು ಅವರಿಗೆ ಒಳಗೊಳಗೆ ಹೆಮ್ಮೆಯೇ ಆಗಿರಬೇಕು. ಮೈ ಭಾರ, ಸುಸ್ತು ಎಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದರು, ವಯಸ್ಸಾಯಿತಲ್ಲ ಎಂದು ನಾವೆಲ್ಲ ಉಚಿತ ಸಲಹೆ ಕೊಟ್ಟಿದ್ದೆವು.

ಮಗ ಹುಟ್ಟಿದ. ಆರೋಗ್ಯವಾಗಿದ್ದಾನೆ, ಗಂಟಲು ಬಹಳ ಗಟ್ಟಿ. ಕೊತ್ತಂಬರಿ ನೀರಿನ ಫಲ ಎಂದು ಸರೋಜ ಚಿಕ್ಕಮ್ಮ ಬೆಳ್ತಂಗಡಿಯಿಡೀ ಸಾರಿದರು. ಅದನ್ನು ನಾನು ಒಂದು ಗುಟುಕೂ ಕುಡಿದಿರಲಿಲ್ಲ. ದೂರದಿಂದಲೇ ಕೆಲಸ ಮಾಡುವ ಮದ್ದು ಇರಬೇಕು.

ನಾಮಕರಣದ ಊಟಕ್ಕೆ ಹೊಸದಾಗಿ ಮದುವೆಯಾದ ನೆಂಟರ ಹುಡುಗಿಯೊಬ್ಬಳು ಬಂದಿದ್ದಳು. ಎರಡು ತಿಂಗಳ ಹಿಂದೆ ಅವಳಿಗೂ ನನಗೆ ಹಿಂದಿನ ಸಲ ಆದದ್ದೇ ಆಗಿತ್ತು. ಎಲೆಯ ಮುಂದೆ ತಲೆ ತಗ್ಗಿಸಿ ಕೂತವಳ ಎದುರು ಚಿಕ್ಕಮ್ಮ ಆಗಲೇ ತನಿಖೆ ಶುರು ಮಾಡಿದ್ದರು. ಮಾಳಿಗೆ ಮೆಟ್ಟಿಲು ಹತ್ತಿದ್ದೆಯಾ, ಘಟ್ಟದ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದೆಯಾ.

ಪಾಯಸ ಬಡಿಸುತ್ತಿದ್ದ ಅತ್ತೆ ಅವಳ ಮುಂದೆ ನಿಂತರು. “ನೀನು ಮಾಡಿದ್ದು ಎಂತದೂ ಅಲ್ಲ ಮಗಾ. ಊಟ ಮಾಡು,” ಅಂದರು. ಅವಳ ಎಲೆಗೆ ಎರಡು ಸೌಟು ಹಾಕಿದರು. ತಂಗಿಯ ಎಲೆಗೆ ಅರ್ಧ ಸೌಟು ಹಾಕಿ ಮುಂದೆ ಹೋದರು.

ಆ ಒಂದು ಮಾತಿಗಾಗಿ ಅತ್ತೆ ಅರ್ಧ ಆಯುಷ್ಯ ಕಾದಿದ್ದರು. ಆ ಹುಡುಗಿಗೆ ಅದು ಪಾಯಸ ತಣಿಯುವ ಮೊದಲೇ ಸಿಕ್ಕಿತು.