ಘೋಣಸಗಿಯ ದೋಣಿ

ನನ್ನ ಹೆಂಡತಿಯ ತಂಗಿಯ ಗಂಡ, ಘೋಣಸಗಿಯ ಆ ನನ್ನ ಷಡ್ಡಕನ ಮುಖ ನೋಡಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಬಬಲೇಶ್ವರದ ಕಡೆಯ ಕೆರೆಗೆ ಕಾಲುವೆ ನೀರು ಬಂದು ತುಂಬಿದಾಗ ನನಗೊಂದು ಹುಚ್ಚು ಹಿಡಿಯಿತು. ವೇಗದ ದೋಣಿಯೊಂದನ್ನು ಆ ನೀರಿಗಿಳಿಸಿ, ಹಿಂದೆ ನೊರೆ ಎಬ್ಬಿಸಿಕೊಂಡು ಓಡಿಸಬೇಕು. ಸೊಲ್ಲಾಪುರ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ನನಗೆ ಹೊಸದು ಎಟುಕುವಂಥದಲ್ಲ. ಹಳೆಯದನ್ನೇ ಹುಡುಕಿದೆ. ಅಗ್ಗದವು ಸೋರುತ್ತಿದ್ದವು, ಸೋರದವು ಅಗ್ಗವಿರಲಿಲ್ಲ. ಕಡೆಗೆ ಕೊಂಕಣದ ಕಡಲದಂಡೆಯಲ್ಲಿ ಒಂದು ಕ್ಯಾಟಮರಾನ್ ಸಿಕ್ಕಿತು. ಎರಡು ಕಿರಿದಾದ ದೋಣಿಗಳನ್ನು ಜೋಡೆತ್ತಿನ ಹಾಗೆ ಪಕ್ಕಪಕ್ಕ ಕೂಡಿಸಿದ್ದು, ಹಿಂದೆ ಎರಡು ಎಂಜಿನ್. ಅರ್ಧ ಪಾಲು ಷಡ್ಡಕನದು, ಹಾಗಾಗಿ ಅವನೂ ಜೊತೆಗೆ ಬಂದಿದ್ದ.

ತಳ ತಟ್ಟಿ ನೋಡಿದೆ, ಜೋಡಣೆಗಳನ್ನು ಸವರಿ ನೋಡಿದೆ, ಕಡಲಲ್ಲಿ ಓಡಿಸಿದೆ. ಅಲೆಯ ಮೇಲೆ ಅದು ಹಾರಿದಾಗ ನನ್ನ ಕಣ್ಣು ತುಂಬಿದ್ದವು, ಸುಳ್ಳೇಕೆ ಹೇಳಲಿ. ಮಾರುವವನು ನಮ್ಮಿಬ್ಬರಿಗೂ ಒಂದೇ ಮಾತು ಹೇಳಿದ: ಈ ಎಂಜಿನ್ ಕೆಳಗಿನ ನೀರು ಹೀರಿಕೊಂಡೇ ತಣ್ಣಗಿರುತ್ತದೆ, ನೀರಿಲ್ಲದ ಕಡೆ ಚಾಲೂ ಮಾಡಬೇಡಿ. ಷಡ್ಡಕ ತಲೆಯಾಡಿಸಿದ. ದೋಣಿಯ ಮೂಲೆಮೂಲೆ ತಟ್ಟಿ ನೋಡಿದ ನಾನು ಆ ತಲೆಯೊಂದನ್ನು ತಟ್ಟಿ ನೋಡಲಿಲ್ಲ.

ದೋಣಿ ಟ್ರಾಲಿಯ ಮೇಲೆ ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ಮರುದಿನ ಪೂಜೆ ಮಾಡಿ ಕೆರೆಗೆ ಒಯ್ಯುವುದೆಂದು ಮಾತಾಗಿತ್ತು. ಪೂಜೆಯ ಹೊತ್ತಿಗೆ ನೋಡಿದರೆ ಗಾಲಿಗೆ ಇಡುವ ನಿಂಬೆಹಣ್ಣು ಮರೆತಿತ್ತು, ತರಲು ನಾನು ಹೋದೆ. ನಮ್ಮಲ್ಲಿ ಹೊಸ ಟ್ರ್ಯಾಕ್ಟರ್ ಬಂದರೆ ಕಾಯಿ ಒಡೆದ ಕೂಡಲೇ ನಿಂತಲ್ಲೇ ಎಂಜಿನ್ ಅಬ್ಬರಿಸಿ ಮಂದಿಗೆ ಕೇಳಿಸುವುದು ರೂಢಿ. ತಿರುಗಿ ಬರುವಾಗ ಆ ಅಬ್ಬರ ದೂರದಿಂದಲೇ ಕೇಳಿತು. ಓಡಿದೆ.

“ಬಂದ್ ಮಾಡಲೇ! ಸುಟ್ಟು ಹೋಗತೈತಿ!”

ಷಡ್ಡಕ ಕೊರಳಿಗೆ ಹಾರ ಹಾಕಿಕೊಂಡು ಮೇಲೆ ಕೂತಿದ್ದ. “ಮಂದಿ ಕೂಡ್ಯಾರರಿ ಅಣ್ಣಾರ, ಎರಡ ನಿಮಿಷ ಕೇಳಲಿ, ತಡೀರಿ” ಎಂದು ಇನ್ನಷ್ಟು ಒತ್ತಿದ. ಸುಟ್ಟ ರಬ್ಬರಿನ ವಾಸನೆ ಬಂತು. ಒಂದು ಎಂಜಿನ್ ಕಿರುಚಿ ನಿಂತಿತು, ಅದರ ಬೆನ್ನಿಗೇ ಇನ್ನೊಂದು. ಮಂದಿ ಚಪ್ಪಾಳೆ ತಟ್ಟಿದರು.

ಎರಡೂ ಮತ್ತೆ ಚಾಲೂ ಆಗಲಿಲ್ಲ. ದೋಣಿ ಕೆರೆಯ ನೀರು ಮುಟ್ಟಲೇ ಇಲ್ಲ. ಆಮೇಲೆ ಟಿಕೋಟಾ ಸಂತೆಯಲ್ಲಿ ಅವನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ: “ಹಳೇ ಮಾಲ ಬ್ಯಾಡ್ರಿ ಅಂತ ಬಡಕೊಂಡ್ನಿ, ಅಣ್ಣಾರ ಕೇಳಲಿಲ್ಲ.” ಕಳ್ಳನಿಗೊಂದು ಪಿಳ್ಳೆ ನೆವ. ಅಂಗಡಿ ಮುಂದೆ ಆ ದೋಣಿಯನ್ನು ದಿನವೂ ನೋಡಲಾರದೆ ಒಯ್ದು ಹಾಳಾಗು ಎಂದೆ. ಒಯ್ದ.

ಹೋದ ವರ್ಷ ಅವನ ಮಗಳ ತೊಟ್ಟಿಲ ಕಾರ್ಯಕ್ಕೆ ಹೆಂಡತಿ ನನ್ನನ್ನು ಘೋಣಸಗಿಗೆ ಎಳೆದುಕೊಂಡು ಹೋದಳು. ದೋಣಿ ಹಿತ್ತಲಲ್ಲಿತ್ತು. ಎಂಜಿನ್‌ಗಳನ್ನು ಗುಜರಿಗೆ ಹಾಕಿ, ಒಳಗೆ ತುಂಬ ನೀರು ಬಿಟ್ಟಿದ್ದ. ಅವನ ಎಮ್ಮೆಗಳು ಅದರಲ್ಲಿ ಮೂತಿ ಇಟ್ಟು ಕುಡಿಯುತ್ತಿದ್ದವು.

“ಒಂದ ಹನಿ ಸೋರಂಗಿಲ್ಲ ನೋಡ್ರಿ ಅಣ್ಣಾರ. ಆರಿಸಿದ್ರ ನಿಮ್ಮಂಗ ಆರಿಸಬೇಕ.”

ಅವನು ನಿಜವಾಗಿಯೂ ಹೊಗಳುತ್ತಿದ್ದ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ನಾದಿನಿ ತಂಬಿಗೆ ತಂದು ಮುಂದೆ ಹಿಡಿದಳು. “ಬಿಸಲಾಗ ಬಂದೀರಿ ಮಾಮಾ, ಮೊದಲ ನೀರ ಕುಡೀರಿ.”

“ಅದನ್ನೂ ಎಮ್ಮಿಗಿ ಹಾಕವಾ” ಎಂದು ಹೊರಟುಬಂದೆ. ಅಂದಿನಿಂದ ನನ್ನ ಹೆಂಡತಿ ತಂಗಿಯ ಮನೆಗೆ ಒಬ್ಬಳೇ ಹೋಗುತ್ತಾಳೆ.