ಮಾವನ ವಾಟ್ಸಪ್ಪಿಗೆ ಗುರುದರ್ಶನ

ನನಗೆ ಮೂವತ್ತೇಳು ತುಂಬಿದ ವರ್ಷ ಮದುವೆ ಗೊತ್ತಾಯಿತು. ಸಿದ್ದಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನಿಗೆ ಹೆಣ್ಣು ಸಿಕ್ಕಿದ್ದೇ ದೊಡ್ಡದು. ಅದಕ್ಕೂ ಮೊದಲು ಒಂಬತ್ತು ಮನೆಗಳಲ್ಲಿ ಅವಲಕ್ಕಿ ತಿಂದು ಕೈ ತೊಳೆದುಕೊಂಡು ಬಂದಿದ್ದೆ. ಯಲ್ಲಾಪುರದ ಈ ಹುಡುಗಿ ಮನಸಾರೆ ಹೂಂ ಅಂದಳೋ, ಅಪ್ಪನ ಒತ್ತಾಯಕ್ಕೋ ಎಂಬ ಅನುಮಾನ ಮಾತ್ರ ನನ್ನನ್ನು ಕೊರೆಯುತ್ತಲೇ ಇತ್ತು.

ಅಷ್ಟರಲ್ಲಿ ಆಕಾಶ ಅಡ್ಡ ಬಂತು. ಗುರು ಸೂರ್ಯನ ಹತ್ತಿರ ಸರಿದು ಕಾಣದಂತಾದರೆ ಗುರು ಅಸ್ತ, ಆಗ ಮದುವೆ ಮಾಡುವಂತಿಲ್ಲ. ನಮ್ಮ ಪಂಚಾಂಗದಲ್ಲಿ ಅಸ್ತ ಮದುವೆಯ ಮಾರನೆಯ ದಿನ. ಭಾವೀ ಮಾವನ ಪಂಚಾಂಗದಲ್ಲಿ ಮದುವೆಗೆ ಮೂರು ದಿನ ಮೊದಲೇ. ಎರಡೂ ಕಡೆಯವರು ಶಿರಸಿಯಲ್ಲಿ ಸೇರಿ, ವಾದ ಮಾಡಿ, ಊಟ ಮುಗಿಸಿ, ಕಣ್ಣಿಗೆ ಕಾಣುವಷ್ಟು ದಿನ ಗುರು ಇದ್ದಾನೆಂದೇ ಲೆಕ್ಕ ಎಂದು ತೀರ್ಮಾನಿಸಿದರು. ಮಾವನ ಮನೆಗೆ ಪಡುವಣದಲ್ಲಿ ಗುಡ್ಡ ಅಡ್ಡ. ಹಾಗಾಗಿ ದಿನಾ ಸಂಜೆ ಗುರುವಿನ ಫೋಟೋ ತೆಗೆದು ಕಳಿಸುವ ಕೆಲಸ ಮದುಮಗನ ತಲೆಗೆ ಬಂತು.

ಮೊದಲ ಸಂಜೆ ದೊಡ್ಡಪ್ಪನನ್ನು ಕರೆದುಕೊಂಡು ಮನೆ ಹಿಂದಿನ ಹುಲ್ಲುಗುಡ್ಡ, ನಮ್ಮ ಬೇಣ, ಹತ್ತಿದೆ. ನೋಡಿದರೆ ಗುರು, ಶುಕ್ರ ಇಬ್ಬರೂ ಪಕ್ಕಪಕ್ಕದಲ್ಲೇ ಹೊಳೆಯುತ್ತಿದ್ದರು. ಯಾರು ಯಾರು?

"ಹೆಚ್ಚು ಹೊಳೆಯಂವ ಗುರು," ಅಂದ ದೊಡ್ಡಪ್ಪ. "ದೇವತೆಗಳ ಗುರು ರಾಕ್ಷಸರ ಗುರುಗಿಂತ ಮಂಕಾಗಿಪ್ಪಲೆ ಸಾಧ್ಯ ಇದ್ದನ?"

ಹೆಚ್ಚು ಹೊಳೆಯುವ ಚುಕ್ಕೆಗೆ ಬಾಣದ ಗುರುತು ಹಾಕಿ ಕಳಿಸಿದೆ. ಮಾವನಿಂದ ಕೈ ಮುಗಿದ ಚಿತ್ರ ಬಂತು.

ಹತ್ತು ದಿನ ಕಳೆದ ಮೇಲೆ ಅವರದೇ ಫೋನು. "ಗುರು ದಿನದಿಂದ ದಿನಕ್ಕೆ ಮೇಲೇರ್ತಾ ಇದ್ದ! ನಿಂಗಳ ಪಂಚಾಂಗವೇ ಸರಿ."

ಮುಳುಗಬೇಕಾದವನು ಏರುವುದು ಹೇಗೆ? ಮೊಬೈಲಿನಲ್ಲಿ ನಕ್ಷತ್ರ ತೋರಿಸುವ ಆ್ಯಪ್ ಹಾಕಿಕೊಂಡು ನೋಡಿದೆ. ನಾನು ದಿನಾ ಕಳಿಸುತ್ತಿದ್ದದ್ದು ಶುಕ್ರನನ್ನು. ಗುರು ಪಾಪ ಕೆಳಗೆ, ಮಬ್ಬಿನಲ್ಲಿ ಜಾರುತ್ತಿದ್ದ. ನಿಜ ಹೇಳಿದರೆ ಮದುವೆ ಮುಂದಕ್ಕೆ. ಅಷ್ಟರೊಳಗೆ ಯಾವುದಾದರೂ ಬ್ಯಾಂಕಿನವನ ಜಾತಕ ಅಲ್ಲಿಗೆ ತಲುಪುವುದು ಖಂಡಿತ. ನಾನು ಬಾಯಿ ಮುಚ್ಚಿಕೊಂಡು ಶುಕ್ರನನ್ನೇ ಕಳಿಸುತ್ತ ಹೋದೆ. ಮಾವ ಅದರ ಪ್ರಿಂಟ್ ತೆಗೆಸಿ ದೇವರ ಪೀಠದ ಪಕ್ಕ ಇಟ್ಟು ಹೂವು ಏರಿಸುತ್ತಿದ್ದರಂತೆ. ಕೇಳಿ ನಾಚಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ.

ಮದುವೆ ಸಾಂಗವಾಗಿ ಆಯಿತು. ನಾಲ್ಕನೆಯ ಸಂಜೆ ಅಂಗಳದಲ್ಲಿ ನಾನು, ಹೆಂಡತಿ ಇಬ್ಬರೇ ಇದ್ದಾಗ ತಡೆಯಲಾಗಲಿಲ್ಲ.

"ಒಂದು ತಪ್ಪಾಗೋಜು. ಆನು ಕಳ್ಸಿದ್ದು ಗುರುನ್ನ ಅಲ್ಲ," ಅಂದೆ.

"ಗೊತ್ತಿದ್ದು. ನಿಂಗ ಬಾಣ ಹಾಕಿ ಕಳ್ಸಿದ ಮೊದಲ್ನೇ ದಿನವೇ ಗೊತ್ತಾತು. ಹೆಚ್ಚು ಹೊಳೆಯಂವ ಶುಕ್ರ," ಅಂದಳು.

"ಮತ್ತೆ ಅಪ್ಪಯ್ಯಂಗೆ ಎಂತಕ್ಕೆ ಹೇಳಿದ್ದಿಲ್ಲೆ?"

ಅವಳು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದಳು.

"ಹೇಳಿದ್ರೆ ಮದ್ವೆ ಮುಂದೆ ಹೋಗ್ತಿತ್ತು."