ನವಾರದ ನಾಲ್ಕು ಖುರ್ಚಿ

ನಮ್ಮ ಮನೆಯ ಮುಂದೆ ಸಣ್ಣ ಅಂಗಳವಿದೆ. ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳಿ ಬಂದವಳಿಗೆ ಸಂಜೆ ಅಲ್ಲಿ ಕೂತು ಒಂದು ಕಪ್ ಚಹಾ ಕುಡಿಯುವ ಆಸೆ. ಪ್ಲಾಸ್ಟಿಕ್ ಖುರ್ಚಿಗಳು ಬಿಸಿಲಿಗೆ ವರ್ಷದೊಳಗೆ ಸೀಳಿಹೋಗುತ್ತಿದ್ದವು. ಹೊಸ ಕಬ್ಬಿಣದ ಖುರ್ಚಿಗಳ ಬೆಲೆ ಕೇಳಿ ಒಮ್ಮೆ ಅಂಗಡಿಯಿಂದ ಸುಮ್ಮನೆ ಹೊರಬಂದಿದ್ದೆ. ಹೀಗಿರುವಾಗ ಒಂದು ದಿನ ಧಾರವಾಡದಿಂದ ಬರುವಾಗ, ರಾಯಾಪುರದಲ್ಲಿ ಮುಚ್ಚಿಹೋದ ಖಾನಾವಳಿಯೊಂದರ ಸಾಮಾನು ರಸ್ತೆ ಬದಿಗೆ ಮಾರಾಟಕ್ಕಿಟ್ಟಿದ್ದು ಬಸ್ಸಿನಿಂದ ಕಂಡಿತು. ಇಳಿದುಬಿಟ್ಟೆ.

ನಾಲ್ಕು ಕಬ್ಬಿಣದ ಖುರ್ಚಿಗಳಿದ್ದವು. ಕೂರುವಲ್ಲಿ ಮತ್ತು ಬೆನ್ನಿಗೆ ಹೆಣೆದಿದ್ದ ನವಾರದ ಪಟ್ಟಿ ಹರಿದು ಜೋತುಬಿದ್ದಿತ್ತು, ಬಣ್ಣ ಹಕ್ಕಳೆ ಎದ್ದಿತ್ತು. ಚೌಕಟ್ಟು ಮಾತ್ರ ಗಟ್ಟಿ. ಚೌಕಾಸಿ ಮಾಡಿ ಒಂದು ಹೊಸ ಖುರ್ಚಿಗಿಂತ ಕಡಿಮೆ ಬೆಲೆಗೆ ನಾಲ್ಕನ್ನೂ ತಂದೆ. ಟಂಟಂ ಗಾಡಿಯಿಂದ ಇಳಿಸುವಾಗ ಗಂಡ ಬಾಗಿಲಲ್ಲಿ ನಿಂತು, ಗುಜರಿಯವರು ನಮ್ಮ ಮನೆಯಿಂದ ಒಯ್ಯುವುದು ಬಿಟ್ಟು ತಂದು ಹಾಕಲು ಶುರು ಮಾಡಿದರೇನು ಎಂದರು. ಎರಡು ಭಾನುವಾರದಲ್ಲಿ ಹೊಸದರಂತೆ ಮಾಡಿ ತೋರಿಸುತ್ತೇನೆ ಎಂದೆ. ಅದು ಶ್ರಾವಣ ಮಾಸವೆಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಮೊದಲ ಭಾನುವಾರ ಬಟ್ಟೆಯಿಂದ ಧೂಳು ಒರೆಸಿ ನೇರವಾಗಿ ಹಸಿರು ಬಣ್ಣ ಹಚ್ಚಿದೆ. ಜಿಟಿಜಿಟಿ ಮಳೆಗೆ ಬಣ್ಣ ನಾಲ್ಕು ದಿನವಾದರೂ ಒಣಗಲಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು, ಸೊಳ್ಳೆಗಳು ಬಂದು ಅದರಲ್ಲೇ ಸಾಯುತ್ತಿದ್ದವು. ಕೊನೆಗೂ ಒಣಗಿದಾಗ ಉಗುರು ತಾಗಿದಲ್ಲೆಲ್ಲ ಸಿಪ್ಪೆಯಂತೆ ಎದ್ದು ಬಂತು. ಒಂದು ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಣ್ಣ ಕೊಂಡ ಅಂಗಡಿಗೆ ಹೋದೆ. ಅಲ್ಲಿನ ಚಾಚಾ ಅದನ್ನು ತಿರುವಿ, ಹಿಂಬದಿಯ ಕೆಂಪು ಪುಡಿ ತೋರಿಸಿದರು.

"ಬಾಯಾರ, ಬಣ್ಣಾ ಕಬ್ಬಿಣಕ್ಕ ಹತ್ತಿಲ್ರಿ, ತುಕ್ಕಿಗೆ ಹತ್ತೈತಿ. ಎಲ್ಲಾ ತಿಕ್ಕಿ ತಗೀರಿ, ಮ್ಯಾಲ ರೆಡ್ ಆಕ್ಸೈಡ್ ಹಚ್ಚರಿ, ಆಮ್ಯಾಲ ಬಣ್ಣ."

ಬಣ್ಣ ಕೊಡುವಾಗ ಇದನ್ನೇಕೆ ಹೇಳಲಿಲ್ಲ ಎಂದು ಕೇಳಬೇಕೆನಿಸಿತು. ನಾನೂ ಕೇಳಿರಲಿಲ್ಲವಲ್ಲ. ತಂತಿ ಬ್ರಶ್ಶು, ಪಾಲಿಶ್ ಪೇಪರ್ ತಂದು ಒಂದು ವಾರ ಶಾಲೆಯಿಂದ ಬಂದೊಡನೆ ತಿಕ್ಕಿದೆ. ಕೈಗೆ ಗುಳ್ಳೆ ಎದ್ದವು. ಉಗುರಿನೊಳಗಿನ ತುಕ್ಕು ನೋಡಿ ತರಗತಿಯ ಹುಡುಗಿಯೊಬ್ಬಳು, ಟೀಚರ್ ಮೆಹಂದಿ ಹಚ್ಚಿಕೊಂಡೀರೇನ್ರಿ ಎಂದು ಕೇಳಿದಳು. ಬಿಸಿಲು ಬಿದ್ದ ದಿನ ನೋಡಿ ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಮತ್ತೆ ಬಣ್ಣ ಹಚ್ಚಿದೆ. ಈ ಸಲ ನಿಂತಿತು.

ಉಳಿದದ್ದು ನವಾರ. ಹೊಸ ಸುರುಳಿ ತಂದು, ಫೋನಿನಲ್ಲಿ ವಿಡಿಯೋ ಹಚ್ಚಿಕೊಂಡು ಕೂತೆ. ಉದ್ದಕ್ಕೆ ಪಟ್ಟಿ ಎಳೆದು ಕಟ್ಟುವುದು, ಆಮೇಲೆ ಅಡ್ಡ ಪಟ್ಟಿಯನ್ನು ಒಂದರ ಮೇಲೆ ಒಂದರ ಕೆಳಗೆ ತೂರಿಸುವುದು. ನೋಡಲು ಇಷ್ಟೇ. ನಾನು ಹೆಣೆದದ್ದು ಕೂತ ಕೂಡಲೇ ಜೋಳಿಗೆಯಂತೆ ಇಳಿಯಿತು. ಬಿಚ್ಚಿದೆ, ಮತ್ತೆ ಹೆಣೆದೆ, ಮತ್ತೆ ಇಳಿಯಿತು.

ಇಷ್ಟೂ ಹೊತ್ತು ನಮ್ಮ ಮಾವನವರು ಪಡಸಾಲೆಯ ಕಿಟಕಿಯಿಂದ ನೋಡುತ್ತಿದ್ದರು. ಅವರು ಸುಳ್ಳ ಎಂಬ ಹಳ್ಳಿಯವರು. ಅತ್ತೆ ಹೋದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಊರಲ್ಲಿ ಯಾರ ಮನೆಯ ಹೊರಸು ಸಡಿಲಾದರೂ ಇವರನ್ನೇ ಕರೆಯುತ್ತಿದ್ದರಂತೆ. ಹಗ್ಗವಾಗಲಿ ನವಾರವಾಗಲಿ, ಇವರು ಹೆಣೆದ ಮಂಚ ಹತ್ತು ವರ್ಷ ಬಗ್ಗುತ್ತಿರಲಿಲ್ಲವೆಂದು ಗಂಡ ಎಷ್ಟೋ ಸಲ ಹೇಳಿದ್ದರು. ಅಂಥವರು ಸೊಸೆ ಒದ್ದಾಡುವುದನ್ನು ನೋಡಿಯೂ ಒಂದು ಮಾತು ಆಡಲಿಲ್ಲ. ತಮ್ಮನ್ನು ಕೇಳದೆ ತಂದಳೆಂದು ಸಿಟ್ಟೋ, ಹೆಂಗಸಿಗೆ ಇದೆಲ್ಲ ಏಕೆಂದೋ ತಿಳಿಯಲಿಲ್ಲ. ಚಹಾ ಕೊಡಲು ಹೋದಾಗ ಕಪ್ಪನ್ನು ಸ್ವಲ್ಪ ಸಪ್ಪಳ ಮಾಡಿಯೇ ಇಡುತ್ತಿದ್ದೆ.

ಮೂರನೆಯ ಸಲ ಹೆಣೆದ ಖುರ್ಚಿಯ ಮೇಲೆ ಗಂಡ ಕೂತರು. ಕೆಳಗಿನ ಗಂಟು ಬಿಚ್ಚಿಹೋಗಿ, ಕಾಲು ಮೇಲಾಗಿ ಚೌಕಟ್ಟಿನೊಳಗೆ ಸಿಕ್ಕಿಕೊಂಡರು. ನಗುತ್ತಲೇ ಎದ್ದು, ನಾ ಮೊದಲೇ ಹೇಳಿದ್ದೆ ಎಂದರು. ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಮಾವನವರ ಮುಂದೆ ನಿಂತೆ. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವರ ಮುಂದೆ ಹಾಗೆ ನಿಂತಿರಲಿಲ್ಲ.

"ನಿಮಗ ಬರತೈತಲ್ರಿ. ಒಂದ್ ಮಾತ್ ಹೇಳಿದ್ರ ಏನಾಕ್ಕಿತ್ತ್ರಿ?"

ಅವರು ಎರಡೂ ಕೈ ಮುಂದೆ ಮಾಡಿ ಮುಷ್ಟಿ ಕಟ್ಟಲು ನೋಡಿದರು. ಬೆರಳುಗಳು ಅರ್ಧಕ್ಕೇ ನಿಂತವು.

"ನೀ ಶಾಲಿಗೆ ಹೋದಾಗ ಎರಡು ಸಲ ಹೆಣದು ನೋಡೀನವ್ವಾ. ಎಳೀಲಿಕ್ಕೆ ಆಗಂಗಿಲ್ಲ. ಪಟ್ಟಿ ಹಿಡದ್ರ ಜಾರತೈತಿ. ಮಗಗ ಹೇಳಬ್ಯಾಡ."

ನಾನು ಬಿಚ್ಚಿಟ್ಟುಹೋದ ಪಟ್ಟಿಗಳು ಸಂಜೆ ಬಂದಾಗ ಬೇರೆ ಥರ ಸುತ್ತಿರುತ್ತಿದ್ದುದು ಆಗ ಅರ್ಥವಾಯಿತು. ಗಂಡನ ಕೆಲಸವೆಂದುಕೊಂಡು ಅವರ ಮೇಲೂ ರೇಗಿದ್ದೆ. ನಾನು ಎಳೀತೀನ್ರಿ, ನೀವು ಹೇಳ್ರಿ ಎಂದೆ.

ಅದರಿಂದ ಕೆಲಸ ಸುಲಭವಾಯಿತೆಂದರೆ ಸುಳ್ಳಾಗುತ್ತದೆ. ಅವರು ಒಳ್ಳೆಯ ಮಾಸ್ತರರಲ್ಲ. ಚೌಕಟ್ಟಿಗೆ ಪಾದ ಕೊಟ್ಟು ಎಳೆ ಎನ್ನುವರು. ಎಳೆದರೆ, ಹಂಗಲ್ಲ ಎನ್ನುವರು. ಹೇಗೆಂದು ಕೇಳಿದರೆ ಕೈ ಮುಂದೆ ತಂದು, ತೋರಿಸಲಾಗದೆ, ಸಿಟ್ಟಿನಿಂದ ಕೈ ಒದರುವರು. ಹದಿನೈದು ಸಾಲು ಹೆಣೆದ ಮೇಲೆ ಮೂರನೆಯದು ತಪ್ಪೆಂದು ಎಲ್ಲ ಬಿಚ್ಚಿಸಿದರು. ಒಮ್ಮೆ ನಾನು ಪಟ್ಟಿಯನ್ನು ನೆಲಕ್ಕೆ ಬಿಸುಟು ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತೆ. ಹೊರಗೆ ಅವರು ತಮ್ಮ ಬೆರಳುಗಳಿಗೇ ಬೈದುಕೊಳ್ಳುತ್ತಿದ್ದುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತಿರುಗಿ ಬಂದೆ. ಇಬ್ಬರೂ ಏನೂ ಆಗಿಲ್ಲವೆನ್ನುವಂತೆ ಮುಂದುವರಿಸಿದೆವು.

ಎರಡು ಖುರ್ಚಿ ಮುಗಿಯುವಷ್ಟರಲ್ಲಿ ದೀಪಾವಳಿ ಬಂತು. ಮೊದಲನೆಯದನ್ನು ಅವರು ಅಂಗೈಯಿಂದ ಒತ್ತಿ ನೋಡಿ, ನಡೀತೈತಿ ಎಂದರು. ಎರಡನೆಯದರ ಬಗ್ಗೆ ಏನೂ ಹೇಳಲಿಲ್ಲ. ಅದರ ಬೆನ್ನಿನ ಸಾಲು ಸೊಟ್ಟಗಿದೆ ಎಂದು ನನಗೂ ಗೊತ್ತು.

ಈಗ ಸಂಜೆ ಅವರು ಒಂದರ ಮೇಲೆ ಕೂರುತ್ತಾರೆ, ನಾನು ಇನ್ನೊಂದರ ಮೇಲೆ. ಕೈಹಿಡಿಯ ಅಂಚಿನಲ್ಲಿ ಬಣ್ಣ ಆಗಲೇ ಏಳತೊಡಗಿದೆ. ಉಳಿದ ಎರಡು ಚೌಕಟ್ಟು ಹಿತ್ತಲಲ್ಲಿ ಗೋಡೆಗೆ ಒರಗಿವೆ. ಅವುಗಳನ್ನು ಯಾವಾಗ ಹಿಡಿಯೋಣವೆಂದು ಮಾವನವರು ವಾರಕ್ಕೊಮ್ಮೆ ಕೇಳುತ್ತಾರೆ. ಪರೀಕ್ಷೆಗಳು ಮುಗಿಯಲಿ ಎನ್ನುತ್ತೇನೆ. ಪರೀಕ್ಷೆ ಮುಗಿದು ಹತ್ತು ದಿನವಾಯಿತೆಂಬುದು ಅವರಿಗೂ ಗೊತ್ತಿದೆ.